ಶ್ಯಾಬಿ ಆದರೂ ಠೀಕ್

ಹೆಣ್ಣು ನೋಡಲು ಯಾರಾದರೂ ಬರುತ್ತಾರೆ ಅಂದರೆ ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ಮೊದಲು ಅಡಗುತ್ತಿದ್ದದ್ದು ಕುರ್ಚಿಗಳು. ಬಣ್ಣ ಹೋದ ಸ್ಟೂಲು, ತೋಳು ಸವೆದ ಆರಾಮ ಕುರ್ಚಿ, ಎಲ್ಲ ಹಿತ್ತಲಿಗೆ. ಪಕ್ಕದ ಮನೆಯಿಂದ ಪಾಲಿಶ್ ಹೊಳೆಯುವ ನಾಲ್ಕು ಕುರ್ಚಿ ಕೈಗಡ ಬರುತ್ತಿದ್ದವು. ಅಜ್ಜನ ಸಾಗವಾನಿ ಕಪಾಟನ್ನು ಮಾತ್ರ ಎತ್ತಲಾಗುತ್ತಿರಲಿಲ್ಲ. ಅದಕ್ಕೆ ಅವ್ವ ಕಸೂತಿ ಹಾಕಿದ ಬಟ್ಟೆ ಇಳಿಬಿಡುತ್ತಿದ್ದಳು.

ಈಗ ಅದೇ ಕಪಾಟು ಹುಬ್ಬಳ್ಳಿ ವಿದ್ಯಾನಗರದ ಆರನೇ ಮಹಡಿಯಲ್ಲಿದೆ. ಅಣ್ಣನ ಮಗಳು ಕೇಳಿ ಒಯ್ದಳು. "ಕಾಕಾ, ಇದನ್ನ ಶ್ಯಾಬಿ ಶೀಕ್ ಮಾಡಸ್ತೀನಿ" ಅಂದಳು.

"ಶ್ಯಾಬಿ ತಿಳೀತವಾ, ಕಪಾಟು ಕಣ್ಣ ಮುಂದೇ ಅದ. ಶೀಕ್ ಅಂದ್ರ?" ಅಂತ ನನ್ನಾಕೆ ಕೇಳಿದಳು.

"ಠೀಕ್ ಅಂತ ತಿಳ್ಕೋರಿ ಕಾಕು."

ಶ್ಯಾಬಿ ಅಂದರೆ ಸವೆದು ಹಳತಾದದ್ದು, ಶೀಕ್ ಅಂದರೆ ಸೊಗಸು. ಸವೆದ ಸಾಮಾನಿನಲ್ಲೇ ಸೊಗಸು ಕಾಣುವ ಇದು ಇಂಗ್ಲೆಂಡಿನ ರೇಚಲ್ ಆಶ್ವೆಲ್ ಎಂಬಾಕೆ ಜನಪ್ರಿಯ ಮಾಡಿದ ಮನೆ ಅಲಂಕಾರದ ಶೈಲಿ. 1989ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಅದೇ ಹೆಸರಿನ ಅಂಗಡಿ ತೆರೆದಳು. ಸಂತೆಯ ಹಳೇ ಸಾಮಾನು, ಒಗೆಯಲು ಬರುವ ಬಿಳಿ ಗವಸು. ಮಕ್ಕಳು ಚೆಲ್ಲಲಿ, ಹತ್ತಲಿ, ಯಾರೂ ಬೈಯೋದು ಬೇಡ ಎಂಬ ಲೆಕ್ಕ. ಪಾಪ, ಆಕೆಯದು ಸಂಸಾರಸ್ಥರ ಬುದ್ಧಿಯೇ. ನಮ್ಮಲ್ಲಿಗೆ ಬರುವಷ್ಟರಲ್ಲಿ ಏನಾಯಿತು ನೋಡಿ.

ಇಂಟೀರಿಯರ್ ಹುಡುಗಿ ಬಂದಳು. ಹಳೇ ಪಾಲಿಶ್ ಉಜ್ಜಿ ತೆಗೆಯಬೇಕು. ಒಂದು ಗಾಢ ಬಣ್ಣ ಹೊಡೆಯಬೇಕು. ಅದು ಒಣಗಿದ ಮೇಲೆ ಅಂಚಿಗೆ, ಮೂಲೆಗೆ ಮೇಣದ ಬತ್ತಿ ತಿಕ್ಕಬೇಕು. ಮೇಲೆ ಬಿಳಿ ಚಾಕ್ ಪೇಂಟ್. ಮೇಣ ಇದ್ದಲ್ಲಿ ಬಣ್ಣ ಹಿಡಿಯುವುದಿಲ್ಲ. ಪಾಲಿಶ್ ಪೇಪರ್‌ನಿಂದ ಉಜ್ಜಿದರೆ ಅಲ್ಲಲ್ಲಿ ಕಿತ್ತು ಬಂದು ಕೆಳಗಿನ ಬಣ್ಣ ಇಣುಕುತ್ತದೆ. ಧಾರವಾಡದಲ್ಲಿ ಬಣ್ಣ ಹೊಡೆದು ಎರಡು ಶ್ರಾವಣ ಅಂಗಳದಲ್ಲಿ ಇಟ್ಟಿದ್ದರೆ ಜಿಟಿಜಿಟಿ ಮಳೆ ಇದನ್ನೇ ಪುಕ್ಕಟೆ ಮಾಡಿಕೊಡುತ್ತಿತ್ತು, ಅಲ್ವಾ?

ಮಿಸ್ತ್ರಿ ಎಲ್ಲ ಕೇಳಿಸಿಕೊಂಡು ನನ್ನನ್ನು ಬಾಲ್ಕನಿಗೆ ಕರೆದ. "ಸರ, ಚಲೋ ಮಾಡೂದಕ್ಕ ಒಂದು ರೇಟ್ ಐತಿ. ಕೆಡಸೂದಕ್ಕ ಎಷ್ಟ್ ತಗೋಬೇಕಂತ ನಮ್ಮಪ್ಪ ಕಲಿಸಿಲ್ರಿ." ಕಡೆಗೆ ಪಾಲಿಶ್‌ಗೆ ಹೇಳುವುದರ ಎರಡು ಪಟ್ಟು ಹೇಳಿದ. ಯಾಕಪ್ಪಾ ಅಂದೆ. "ಮನಸಿಗೆ ತ್ರಾಸ ಆಗತೈತ್ರಿ, ಅದಕ್ಕ."

ಆ ಕಪಾಟಿನ ಹಿಡಿಕೆ ನಾನು ಹುಟ್ಟುವ ಮೊದಲೇ ಬಿದ್ದುಹೋಗಿತ್ತು. ಅಜ್ಜಿ ಬಾಗಿಲಿನ ಅಂಚನ್ನೇ ಹಿಡಿದು ಎಳೆಯುತ್ತಿದ್ದಳು. ಒಳಗೆ ಉಪ್ಪಿನಕಾಯಿ ಭರಣಿ, ಔಷಧದ ಡಬ್ಬಿ, ನಮಗೆ ಕಾಣದಂತೆ ಇಟ್ಟ ಪೇಡೆ. ದಿನಕ್ಕೆ ಹತ್ತು ಸಲವಾದರೂ ಎಳೆದಿರಬೇಕು. ಎಳೆದೂ ಎಳೆದೂ ಅಂಚಿನಲ್ಲಿ ನಾಲ್ಕು ಬೆರಳಿನ ತಗ್ಗು ಬಿದ್ದಿತ್ತು. ಬೆರಳಿಟ್ಟರೆ ಬೆಣ್ಣೆಯಷ್ಟು ನುಣುಪು. ಇಂಟೀರಿಯರ್ ಹುಡುಗಿ ಅದನ್ನು ಮುಟ್ಟಿ ನೋಡಿದಳು. ಮೊಬೈಲಿನಲ್ಲಿದ್ದ ಯಾವುದೋ ಕಪಾಟಿನ ಫೋಟೋ ನೋಡಿದಳು. ತಲೆ ಅಲ್ಲಾಡಿಸಿದಳು.

"ಅಂಕಲ್, ಇದು ನ್ಯಾಚುರಲ್ಲಾಗಿ ಕಾಣಲ್ಲ."

ತಗ್ಗಿಗೆ ಪುಟ್ಟಿ ತುಂಬಿ ಸಪಾಟು ಮಾಡಿಸಿದಳು. ಆಮೇಲೆ ಕಪಾಟಿನ ನೆತ್ತಿಯ ಮೂಲೆಗೆ ಮೇಣ ತಿಕ್ಕಿಸಿ ಅಲ್ಲಿ ಸವೆಸಿದಳು. ಅಜ್ಜಿಯ ಕೈ ಅಲ್ಲಿಗೆ ಎಟುಕಬೇಕಾದರೆ ಏಣಿ ಬೇಕಿತ್ತು.

ಈಗ ಕಪಾಟನ್ನು ಯಾರೂ ಮುಟ್ಟುವಂತಿಲ್ಲ. ಮೊಮ್ಮಗ ಬಾಗಿಲು ಎಳೆಯಲು ಹೋದರೆ "ಏ, ಬಣ್ಣ ಹೋಗ್ತದ!" ಎಂಬ ಕೂಗು. ಬಣ್ಣ ಹೋಗಲಿ ಅಂತಲೇ ಅಲ್ಲವೇ ಅಷ್ಟು ದುಡ್ಡು ಕೊಟ್ಟದ್ದು?

ಇಳಿದು ಬರುವಾಗ ಗೇಟಿನಲ್ಲಿ ಇನ್ನೊಂದು ಕಂಡೆ. ವಾಚ್‌ಮನ್ ಕೂಡುತ್ತಿದ್ದ ಮರದ ಕುರ್ಚಿ. ಹಸಿರು ಬಣ್ಣ ಅರ್ಧ ಕಿತ್ತಿದೆ, ಕೆಳಗಿನ ನೀಲಿ ಇಣುಕುತ್ತಿದೆ, ಒಂದು ಕಾಲಿಗೆ ಹಗ್ಗ ಬಿಗಿದಿದೆ. ಬಂದವರ ಎದುರು ಚೆಂದ ಕಾಣಲ್ಲ ಅಂತ ಅಪಾರ್ಟ್‌ಮೆಂಟಿನವರು ಅದನ್ನು ಗುಜರಿಗೆ ಹಾಕಲು ಹೊರಗಿಟ್ಟು ಪ್ಲಾಸ್ಟಿಕ್ ಕುರ್ಚಿ ತಂದಿದ್ದಾರೆ. ಕೆಳಗಿದ್ದರೆ ಶ್ಯಾಬಿ, ಆರನೇ ಮಹಡಿಗೆ ಹೋದರೆ ಶೀಕ್. ನಡುವೆ ಇರುವುದು ಒಂದು ಲಿಫ್ಟು.

ಹದಿನೈದು ದಿನ ಕಳೆದಿರಬಹುದು. ಅಣ್ಣನ ಮಗಳ ಫೋನು, ಅಳುವುದೊಂದು ಬಾಕಿ. ಬಿಳಿ ಬಣ್ಣದ ಮೇಲೆಲ್ಲ ಹಳದಿ-ಕಂದು ಕಲೆ ಎದ್ದಿವೆಯಂತೆ. ಮಿಸ್ತ್ರಿಯನ್ನು ಕೇಳಿದರೆ ಅವನಿಗೆ ಆಶ್ಚರ್ಯವೇ ಇಲ್ಲ. "ಸಾಗವಾನ್ಯಾಗ ಎಣ್ಣಿ ಇರತೈತ್ರಿ. ಬಿಳಿ ಹೊಡಿಯೂ ಮೊದಲ ಅರಗಿನ ಪಾಲಿಶ್ ಒಂದ್ ಕೈ ಹೊಡದು ತಡೀಬೇಕು. ಹೇಳಿದ್ನಿ, ಆ ಮೇಡಂ ಕೇಳಲಿಲ್ಲ."

"ಹೋಗ್ಲಿ ಬಿಡವಾ," ಅಂದೆ ನಾನು. "ಹಳೇದರಂಗ ಕಾಣಬೇಕು ಅಂತಿದ್ದಿ. ಈಗ ಕಾಣ್ಲಿಕತ್ತದಲ್ಲ?"

"ಅದ ಪ್ರಾಬ್ಲೆಮ್ ಕಾಕಾ. ಇದು ಖರೇನ ಹಳೇದರಂಗ ಕಾಣ್ಲಿಕತ್ತದ."