ಹುಣಸೆ ಮರದ ಲೆಕ್ಕ

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಮಾತಾಡಲು ಸ್ವಲ್ಪ ಮುಖ ಇರುತ್ತದೆ.

ನಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಅಂಟಿಕೊಂಡು ಒಂದು ದೊಡ್ಡ ಮಳೆಮರ ಇದೆ. ಸಂಜೆ ಆಯಿತೆಂದರೆ ಬೆಳ್ಳಕ್ಕಿಗಳು ಬಂದು ಕೂರುತ್ತಿದ್ದವು. ಮೂವತ್ತೋ ನಲವತ್ತೋ, ನಾನು ಎಣಿಸಿಲ್ಲ. ಮರದ ಕೆಳಗೇ ನನ್ನ ಕಾರು ನಿಲ್ಲುವ ಜಾಗ. ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಮೇಲೆ ಸುಣ್ಣ ಎರಚಿದ ಹಾಗೆ ಹಿಕ್ಕೆ. ಆಫೀಸಿಗೆ ಹೊರಡುವ ಹೊತ್ತಿಗೆ ಬಕೆಟ್ಟು, ಬಟ್ಟೆ ಹಿಡಿದು ಉಜ್ಜುತ್ತಾ ನಿಲ್ಲಬೇಕು. ವಾಟ್ಸಾಪ್ ಗುಂಪಿನಲ್ಲಿ ಯಾರೋ ಕೊಂಬೆ ಕಡಿಸೋಣ ಅಂದರು. ಪತ್ರ ತಯಾರಾಯಿತು. ಅದರಲ್ಲಿ 17ನೇ ಸಹಿ ನನ್ನದು. ಮನೆಗೆ 300 ರೂಪಾಯಿ ಹಾಕಿದೆವು. ಕೊಂಬೆ ಹೋಯಿತು, ಬೆಳ್ಳಕ್ಕಿಗಳೂ ಹೋದವು. ಕಾರು ಫಳಫಳ.

ಅದಾಗಿ ಎರಡೇ ವಾರಕ್ಕೆ ಮದ್ದೂರಿನ ಹತ್ತಿರ ನೆಂಟರ ಮನೆಯ ಗೃಹಪ್ರವೇಶ. ಊಟ ಮುಗಿಸಿ ಹೊರಟಾಗ ಮಗಳು ಫೋನು ನೋಡುತ್ತಾ, "ಅಪ್ಪಾ, ಕೊಕ್ಕರೆ ಬೆಳ್ಳೂರು ಇಲ್ಲೇ ಹತ್ರ ತೋರಿಸ್ತಿದೆ" ಅಂದಳು. ಇಷ್ಟು ವರ್ಷ ಮೈಸೂರು ರಸ್ತೆಯಲ್ಲಿ ಲೆಕ್ಕವಿಲ್ಲದಷ್ಟು ಸಲ ಓಡಾಡಿದ್ದೇನೆ. ಮದ್ದೂರು ವಡೆ ತಿನ್ನಲು ನಿಲ್ಲಿಸಿದ್ದೇನೆ, ಹಕ್ಕಿ ನೋಡಲು ಒಂದು ಸಲವೂ ತಿರುಗಿಸಿಲ್ಲ. ಬೆಂಗಳೂರಿನಿಂದ ಬರುವವರು ಎಕ್ಸ್‌ಪ್ರೆಸ್ ಹೆದ್ದಾರಿ ಬಿಟ್ಟು ಹಳೇ ರಸ್ತೆ ಹಿಡಿಯಿರಿ. ರುದ್ರಾಕ್ಷಿಪುರದ ಹತ್ತಿರ ತಿರುಗಿ ಸುಮಾರು 12 ಕಿ.ಮೀ. ಒಳಗೆ ಹೋಗಬೇಕು.

ಗೇಟು ಎಲ್ಲಿ, ಟಿಕೆಟ್ ಎಲ್ಲಿ ಅಂತ ನಾನು ಹುಡುಕುತ್ತಿದ್ದೆ. ತಲೆಯಲ್ಲಿ ಇದ್ದದ್ದು ರಂಗನತಿಟ್ಟು. ಅಲ್ಲಿ ಹಕ್ಕಿಗಳಿಗೆ ಕಾವೇರಿಯ ನಡುಗಡ್ಡೆಗಳಿವೆ, ನಮಗೆ ದೋಣಿ ಇದೆ. ಪಕ್ಷಿತಜ್ಞ ಸಲೀಂ ಅಲಿ ಅವರ ಮಾತು ಕೇಳಿ ಮೈಸೂರು ಮಹಾರಾಜರು 1940ರಲ್ಲೇ ಅದನ್ನು ಪಕ್ಷಿಧಾಮ ಮಾಡಿದರು. ಹಕ್ಕಿ ಒಂದು ಕಡೆ, ಮನುಷ್ಯ ಒಂದು ಕಡೆ. ಬೆಳ್ಳೂರಲ್ಲಿ ಆ ಗೆರೆಯೇ ಇಲ್ಲ. ಬೀದಿ, ಹಿತ್ತಲು, ದನದ ಕೊಟ್ಟಿಗೆ, ಅದರ ಪಕ್ಕ ಹುಣಸೆ ಮರ, ಆ ಮರದ ತುಂಬ ಗೂಡು. ಹೆಜ್ಜಾರ್ಲೆ, ಅಂದರೆ ಪೆಲಿಕನ್, ಸಣ್ಣ ಹಕ್ಕಿ ಅಲ್ಲ ಮತ್ತೆ. ನಾಲ್ಕೈದು ಕಿಲೋ ತೂಗುತ್ತದೆ. ಅದು ರೆಕ್ಕೆ ಬಿಚ್ಚಿ ಹೆಂಚಿನ ಮನೆಯ ಮೇಲೆ ಇಳಿದು ಬರುವಾಗ ಅಂಗಳಕ್ಕೆಲ್ಲ ನೆರಳು.

ಹೆಜ್ಜಾರ್ಲೆ ಮರಿಗಳ ಗಲಾಟೆ ಕೇಳಬೇಕು ನೀವು. ಅಮ್ಮ ಬಂದ ತಕ್ಷಣ ಅದರ ಗಂಟಲಿನ ಚೀಲಕ್ಕೇ ತಲೆ ತೂರಿಸುತ್ತವೆ. ಪಕ್ಕದ ಮರದಲ್ಲಿ ಬಣ್ಣದ ಕೊಕ್ಕರೆಗಳು. ಅವುಗಳ ಕೂಗು ಕೇಳಿಸುವುದೇ ಇಲ್ಲ ಅನ್ನಬಹುದು. ಕೊಕ್ಕಿಗೆ ಕೊಕ್ಕು ತಟ್ಟಿ ಟಕಟಕ ಅನ್ನಿಸುತ್ತವೆ ಅಷ್ಟೇ, ಮಗ್ಗದ ಸದ್ದಿನ ಹಾಗೆ. ಇನ್ನು ವಾಸನೆ. ಅದನ್ನು ಯಾರ ಫೋಟೋದಲ್ಲೂ ನೋಡಿರಲಿಲ್ಲ! ಕೊಳೆತ ಮೀನು, ಹಿಕ್ಕೆ, ಬಿಸಿಲು, ಮೂರೂ ಸೇರಿದ ಒಂದು ಗಾಟು. ಮಗಳು ಮೂಗು ಮುಚ್ಚಿಕೊಂಡಳು. ನಾನು ಸುಮ್ನೆ ಗಂಭೀರವಾಗಿ ನಿಂತೆ.

ಒಂದು ಮನೆಯ ಜಗಲಿಯಲ್ಲಿ ಅಜ್ಜಿಯೊಬ್ಬರು ಗೋಣಿತಾಟು ಹಾಸಿಕೊಂಡು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ನಾವು ನೋಡುತ್ತಿದ್ದ ಹಾಗೇ ಮೇಲಿಂದ ಪಟ್ ಅಂತ ಒಂದು ಮೀನು ಅಂಗಳಕ್ಕೆ ಬಿತ್ತು. ಅಂಗೈಯಗಲದ ಮೀನು, ಅರ್ಧ ಕರಗಿತ್ತು. ಅಜ್ಜಿ ತಲೆ ಎತ್ತಲಿಲ್ಲ. ಎಲ್ಲಿತ್ತೋ, ಒಂದು ಬೆಕ್ಕು ಬಂದು ಎತ್ತಿಕೊಂಡು ಹೋಯಿತು. ಆಮೇಲೆ ಅಜ್ಜಿ ಪೊರಕೆ ತಗೊಂಡು ಆ ಜಾಗ ಗುಡಿಸಿ, ಒಂದು ಚೊಂಬು ನೀರು ಹೊಯ್ದು, ಮತ್ತೆ ಬಂದು ಕೂತರು.

"ದಿನಾ ಹಿಂಗೇನಾ ಅಜ್ಜಿ?" ಅಂದೆ.

"ಇನ್ನೆಂಗೆ? ಹೆಣ್ಮಕ್ಳು ಬಾಣಂತನಕ್ಕೆ ತವರಿಗೆ ಬಂದಂಗೆ ಬತ್ತವೆ ಕನಪ್ಪ. ಬ್ಯಾಡ ಅನ್ನಕಾಯ್ತದಾ?"

ಈ ಮಾತು ನಾನು ಮೊದಲೂ ಓದಿದ್ದೆ. ಬೆಳ್ಳೂರಿನ ಬಗ್ಗೆ ಬರೆಯುವವರೆಲ್ಲ ಇದನ್ನು ಬರೆಯುತ್ತಾರೆ, ಆಹಾ ಎಂಥ ಪ್ರೀತಿ, ಎಂಥ ಮುಗ್ಧ ಜನ ಅಂತ ಮುಗಿಸುತ್ತಾರೆ. ನನ್ನ ತಕರಾರು ಇರುವುದೇ ಅಲ್ಲಿ. ಮನೆಯಲ್ಲಿ ಬಾಣಂತನ ಮಾಡಿದವರನ್ನು ಕೇಳಿ ನೋಡಿ. ಸೌದೆ, ಎಣ್ಣೆ, ತುಪ್ಪ, ಮೂರು ತಿಂಗಳ ನಿದ್ದೆ. ನನ್ನ ತಂಗಿಯ ಬಾಣಂತನಕ್ಕೆ ನಮ್ಮಮ್ಮ ಚೀಟಿ ಎತ್ತಿದ್ದು ನನಗಿನ್ನೂ ನೆನಪಿದೆ. ತವರು ಅನ್ನುವುದು ಪ್ರೀತಿಯ ಮಾತು ಹೌದು, ಜೊತೆಗೇ ಖರ್ಚಿನ ಮಾತು. ಅಜ್ಜಿ ಎರಡನ್ನೂ ಸೇರಿಸಿ ಹೇಳಿದ್ದು. ನಾವು ಅರ್ಧ ಮಾತ್ರ ಕೇಳಿಸಿಕೊಳ್ಳುತ್ತೇವೆ.

ಖರ್ಚು ಯಾವುದು ಅಂತೀರಾ? ಹುಣಸೆ ಮರ ನೋಡಿ. ಹೆಜ್ಜಾರ್ಲೆ ಸಂಕ್ರಾಂತಿಗೂ ಮೊದಲೇ ಬಂದು ಗೂಡು ಹಿಡಿಯುತ್ತದೆ. ಬಣ್ಣದ ಕೊಕ್ಕರೆ ಸಂಕ್ರಾಂತಿ ಹೊತ್ತಿಗೆ ಬರುತ್ತದೆ. ಮರಿ ಬಲಿತು ಹಾರಿಹೋಗಲು ಬೇಸಿಗೆ ಕಳೆಯಬೇಕು. ಹುಣಸೆ ಹಣ್ಣಾಗುವುದೂ ಅದೇ ತಿಂಗಳುಗಳಲ್ಲಿ. ಹುಣಸೆ ಕೊಯ್ಲು ಅಂದರೆ ಕೈಯಲ್ಲಿ ಬಿಡಿಸುವುದಲ್ಲ. ಮರ ಹತ್ತಿ ಕೊಂಬೆ ಅಲ್ಲಾಡಿಸಬೇಕು, ಗಳು ಹಿಡಿದು ಬಡಿಯಬೇಕು. ಗೂಡು ತುಂಬಿದ ಮರಕ್ಕೆ ಯಾರು ಗಳು ಎತ್ತುತ್ತಾರೆ? ಹಾಗಾಗಿ ಹಣ್ಣು ಮರದಲ್ಲೇ ಉಳಿಯುತ್ತದೆ, ಹಿಕ್ಕೆ ಬಿದ್ದು ಕೆಡುತ್ತದೆ. ಬೇರೆ ಊರಲ್ಲಿ ಒಂದು ಒಳ್ಳೇ ಹುಣಸೆ ಮರ ಗುತ್ತಿಗೆ ಕೊಟ್ಟರೆ ವರ್ಷಕ್ಕೆ ಒಂದಿಷ್ಟು ದುಡ್ಡು ಕೈಗೆ ಬರುತ್ತದೆ. ಇಲ್ಲಿ ಮರದ ತುಂಬ ಹಕ್ಕಿ, ಕೈಯಲ್ಲಿ ಪೊರಕೆ.

ಲಾಭ ಇಲ್ಲವೇ ಇಲ್ಲ ಅಂತಲ್ಲ. ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಗೋಡು ತಂದು ಹಾಕಿ, ಹಿಕ್ಕೆಯನ್ನು ಅದರಲ್ಲಿ ಕೂಡಿಸಿ ಗದ್ದೆಗೆ ಹೊಡೆಯುವ ರೂಢಿ ಈ ಊರಲ್ಲಿ ಹಳೆಯದು. ಒಳ್ಳೇ ಗೊಬ್ಬರ. ಹಕ್ಕಿ ಬಂದರೆ ಮಳೆ ಬೆಳೆ ಚೆನ್ನಾಗಿ ಆಗುತ್ತದೆ ಅನ್ನುವ ನಂಬಿಕೆಯೂ ಇದೆ. ಅದು ಬರೀ ನಂಬಿಕೆ ಅಂತ ತಳ್ಳಿಹಾಕಬೇಡಿ. ಸುತ್ತಲಿನ ಕೆರೆಗಳಲ್ಲಿ, ಶಿಂಷಾ ಹೊಳೆಯಲ್ಲಿ ನೀರಿದ್ದರೆ ಮೀನು, ಮೀನಿದ್ದರೆ ಹಕ್ಕಿ. ಕೆರೆ ಒಣಗಿದ ವರ್ಷ ಹಕ್ಕಿಯೂ ಕಡಿಮೆ. ಹಿಂದೆ ಊರು ಹೊಳೆ ದಡದಲ್ಲೇ ಇತ್ತಂತೆ. ಪ್ಲೇಗ್ ಬಂದು ಜನ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಅನ್ನುವುದು ಊರಿನವರ ಮಾತು.

ಈ ಹುಣಸೆ ಲೆಕ್ಕ ಮೊದಲು ಅರ್ಥ ಮಾಡಿಕೊಂಡ ಅಧಿಕಾರಿ ಅರಣ್ಯ ಇಲಾಖೆಯ ಎಸ್.ಜಿ. ನೇಗಿನಹಾಳ. 1976ರಲ್ಲಿ ಈ ಊರಿನ ಹಕ್ಕಿಗಳ ಸಂಗತಿಯನ್ನು ಹೊರಜಗತ್ತಿನ ಗಮನಕ್ಕೆ ತಂದವರು. ಗೂಡು ಕಟ್ಟಿದ ಮರದ ಯಜಮಾನನಿಗೆ ಪರಿಹಾರ ಕೊಡುವ ಪದ್ಧತಿ ಬಂದದ್ದು ಅವರಿಂದ. ಜನರಿಗೆ ಬುದ್ಧಿ ಹೇಳುವ ಮೊದಲು ಜನರ ನಷ್ಟ ಎಣಿಸಿದರಲ್ಲ, ಅದು ನನಗೆ ದೊಡ್ಡದು ಅನ್ನಿಸುತ್ತದೆ. ಇದೇ ನೇಗಿನಹಾಳರು 1980ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದರು. ಯಾರಿಗೆ ಗೊತ್ತು, ನಾನು ಕೊಂಬೆ ಕಡಿಸಿದ ಮಳೆಮರ ಅವರ ಕಾಲದ್ದೇ ಇರಬಹುದು. ಇದು ಹೊಳೆದದ್ದು ವಾಪಸ್ ಬರುವ ದಾರಿಯಲ್ಲಿ. ಆಮೇಲೆ ಬಿಡದಿಯವರೆಗೆ ನಾನು ಮಾತಾಡಲಿಲ್ಲ.

ಆಮೇಲೆ 1994ರ ಸುಮಾರಿಗೆ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಅನ್ನುವ ಬಳಗದವರು ಇಲ್ಲಿಗೆ ಬಂದರು. ಅವರು ಬಂದು ಭಾಷಣ ಮಾಡಿ ಹೋಗಲಿಲ್ಲ. ಊರಿನ ಹುಡುಗರ ಜೊತೆ ಕೂತರು, ವರ್ಷಗಟ್ಟಲೆ ಉಳಿದರು. ಹಾಗೆ ಹುಟ್ಟಿದ್ದು ಹೆಜ್ಜಾರ್ಲೆ ಬಳಗ. ಇವರ ಒಂದು ಕೆಲಸ ಹೇಳಲೇಬೇಕು. ಗಾಳಿಗೋ, ಗೂಡಿನ ಜಗಳಕ್ಕೋ ಮರಿ ಕೆಳಗೆ ಬಿದ್ದರೆ ತಾಯಿ ಇಳಿದು ಬಂದು ಗುಟುಕು ಕೊಡುವುದಿಲ್ಲ. ಬಿದ್ದ ಮರಿ ನಾಯಿಗೆ, ಇಲ್ಲವೇ ಹಸಿವಿಗೆ. ಈ ಹುಡುಗರು ಬಿದ್ದ ಮರಿಗಳನ್ನು ಎತ್ತಿ ತಂದು, ಬೇಲಿ ಕಟ್ಟಿದ ಜಾಗದಲ್ಲಿ ಇಟ್ಟು, ಮೀನು ತಿನ್ನಿಸಿ ಸಾಕಿದರು. ರೆಕ್ಕೆ ಬಲಿತ ಮೇಲೆ ಹಾರಲು ಬಿಟ್ಟರು. ಹೆಜ್ಜಾರ್ಲೆ ಮರಿಯ ಹೊಟ್ಟೆ ತುಂಬಿಸುವುದು ಕೋಳಿಮರಿಗೆ ನುಚ್ಚು ಹಾಕಿದಷ್ಟು ಸುಲಭ ಅಲ್ಲ. ದಿನಾ ಮೀನು ಹೊಂದಿಸಬೇಕು, ಮೈಯೆಲ್ಲ ಮೀನು ನಾರುತ್ತದೆ, ಸಂಬಳ ಇಲ್ಲ.

2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಅಂತ ಘೋಷಿಸಿತು. ಕಾನೂನಿನ ಭಾಷೆ ಬಿಟ್ಟು ಹೇಳಬೇಕೆಂದರೆ, ಜಾಗ ಜನರದ್ದೇ, ಊರು ಎಬ್ಬಿಸುವುದಿಲ್ಲ, ಕಾಪಾಡುವುದರಲ್ಲಿ ಊರಿನವರಿಗೂ ಪಾಲು. ವನ್ಯಜೀವಿ ಕಾಯ್ದೆಯಲ್ಲಿ ಇಂಥದ್ದಕ್ಕೆ ಜಾಗ ಸಿಕ್ಕಿದ್ದೇ 2002ರ ತಿದ್ದುಪಡಿಯಿಂದ. ಅಲ್ಲಿಯವರೆಗೆ ನಮಗೆ ಗೊತ್ತಿದ್ದದ್ದು ಬೇಲಿ ಹಾಕುವುದು, ಜನರನ್ನು ಆಚೆ ಇಡುವುದು. ಹುಲಿಗೆ ಅದು ಬೇಕಾಗಬಹುದು, ನಾನು ಅದನ್ನು ವಾದ ಮಾಡಲ್ಲ. ಹಿತ್ತಲಿನ ಮರದಲ್ಲಿ ಕೂರುವ ಹಕ್ಕಿಗೆ ಬೇಲಿ ಹಾಕುವುದು ಎಲ್ಲಿ?

ಎಲ್ಲಾ ಸರಿಹೋಯಿತು ಅಂತ ತಿಳಿಯಬೇಡಿ. 2017ರ ಕೊನೆಯಿಂದ 2018ರ ಶುರುವಿನವರೆಗೆ ಇಲ್ಲಿ ಹತ್ತಾರು ಹೆಜ್ಜಾರ್ಲೆಗಳು ಒಂದಾದ ಮೇಲೆ ಒಂದು ಸತ್ತವು. ಕೊಯ್ದು ನೋಡಿದಾಗ ಹೊಟ್ಟೆಯಲ್ಲಿ ದುಂಡುಹುಳುಗಳು ಸಿಕ್ಕವು, ಮೀನಿನ ಮೂಲಕ ಒಳಗೆ ಹೋಗುವಂಥವು. ಅಂದರೆ ಊರಿನವರು ಮರ ಎಷ್ಟೇ ಜೋಪಾನ ಮಾಡಲಿ, ಊಟ ಬರುವುದು ಮೈಲಿಗಟ್ಟಲೆ ಆಚೆಯ ಕೆರೆಯಿಂದ. ಆ ಕೆರೆಗೆ ಯಾವ ಊರಿನ ಚರಂಡಿ ಸೇರುತ್ತದೆ ಅನ್ನುವುದು ಬೆಳ್ಳೂರಿನವರ ಕೈಯಲ್ಲಿಲ್ಲ. ಒಂದು ಊರಿನ ತಲೆ ಮೇಲೆ ಇಡೀ ಭಾರ ಹೊರಿಸಿ ನಾವು ಚಪ್ಪಾಳೆ ತಟ್ಟುತ್ತಿದ್ದೇವೆ ಅಲ್ವಾ?

ನನ್ನನ್ನು ಇದಕ್ಕಿಂತ ಜಾಸ್ತಿ ಕಾಡಿದ್ದು ಮರಗಳು. ಅಜ್ಜಿಯ ಮನೆ ಪಕ್ಕ ಒಂದು ಖಾಲಿ ಜಾಗ ಇತ್ತು. ಅಲ್ಲೂ ಒಂದು ಮರ ಇತ್ತಂತೆ. ಅಣ್ಣತಮ್ಮಂದಿರು ಭಾಗ ಆದರು. ಮರ ಗೆರೆಯ ಮೇಲೆ ಬಂತು. ಒಬ್ಬನಿಗೆ ತಾರಸಿ ಮನೆ ಕಟ್ಟಬೇಕಿತ್ತು. ಮುಗಿಯಿತಲ್ಲ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ, 17ನೇ ಸಹಿ ನೆನಪಾಯಿತು. ಅವನಿಗೆ ಬೇಕಿದ್ದದ್ದು ಸೂರು, ನನಗೆ ಬೇಕಿದ್ದದ್ದು ಹೊಳೆಯುವ ಕಾರು.

ಹೆಜ್ಜಾರ್ಲೆಯ ಗೂಡು ಹೊರುವಷ್ಟು ಹುಣಸೆ ಮರ ಬಲಿಯಲು ಒಂದು ತಲೆಮಾರೇ ಬೇಕು. ಇವತ್ತು ಹಕ್ಕಿ ಕೂತಿರುವುದೆಲ್ಲ ತಾತ ಮುತ್ತಾತ ನೆಟ್ಟ ಮರಗಳು. ಈಗಿನ ಹುಡುಗನಿಗೆ ಹುಣಸೆ ನೆಡಲು ಕಾರಣ ಬೇಕು. ಹಣ್ಣು ಸಿಗಲ್ಲ ಅಂತ ಗೊತ್ತಿದ್ದೂ ಯಾಕೆ ನೆಡುತ್ತಾನೆ? ಅದಕ್ಕೇ ನಾನು ಹೇಳುವುದು, ಪರಿಹಾರ ಅನ್ನುವ ಪದವೇ ಸರಿಯಿಲ್ಲ. ಪರಿಹಾರ ಅಂದರೆ ಏನೋ ಅನಾಹುತ ಆಗಿದೆ, ಪಾಪ ಅಂತ ಕೊಡುವುದು. ಇದು ಬಾಡಿಗೆ. ಹಕ್ಕಿಗಳ ಪರವಾಗಿ ನಾವು, ಅಂದರೆ ಹಕ್ಕಿ ಉಳಿಯಲಿ ಅಂತ ಆಸೆ ಪಡುವ ಎಲ್ಲರೂ, ಮರದ ಯಜಮಾನನಿಗೆ ಕಟ್ಟಬೇಕಾದ ಬಾಡಿಗೆ. ಬೆಂಗಳೂರಿನಲ್ಲಿ ಬಾಡಿಗೆ ವರ್ಷ ವರ್ಷ ಏರುತ್ತದೆ. ಹಾಗೇ ಇದೂ ಹುಣಸೆಹಣ್ಣಿನ ಮಾರುಕಟ್ಟೆ ಬೆಲೆಯ ಜೊತೆ ಏರಬೇಕು. ಎಳೇ ಮರ ನೆಟ್ಟವನಿಗೂ ಇವತ್ತಿನಿಂದಲೇ ಒಂದಿಷ್ಟು ಸಿಗಬೇಕು. ಇಲ್ಲದಿದ್ದರೆ ಇನ್ನು ಮೂವತ್ತು ವರ್ಷಕ್ಕೆ ಹಕ್ಕಿ ಬರುತ್ತದೆ, ತವರುಮನೆ ಇರಲ್ಲ.

ಹಣ ಕೊಟ್ಟರೆ ಪ್ರೀತಿ ಕೆಡುತ್ತದೆ ಅಂತ ಒಬ್ಬ ಸ್ನೇಹಿತ ವಾದ ಮಾಡಿದ. ಅವನ ಸಂಬಳ ಕೆಲಸದ ಮೇಲಿನ ಅವನ ಪ್ರೀತಿಯನ್ನು ಕೆಡಿಸಿಲ್ಲ ಅಂದುಕೊಂಡಿದ್ದೇನೆ.

ಹೋಗುವವರಿಗೆ ಎರಡು ಮಾತು. ಫೋಟೋಗೆ ಹಾರಲಿ ಅಂತ ಚಪ್ಪಾಳೆ ತಟ್ಟಬೇಡಿ. ನಾವಿದ್ದಾಗ ಒಬ್ಬರು ತಟ್ಟಿದರು. ಗೂಡಿನಿಂದ ದೊಡ್ಡ ಹಕ್ಕಿ ಎದ್ದರೆ ಮೊಟ್ಟೆ, ಮರಿ ಬಿಸಿಲಿಗೆ ಬೀಳುತ್ತವೆ, ಕಾಗೆ ಕಾಯುತ್ತಾ ಇರುತ್ತದೆ. ಇನ್ನೊಂದು, ಊರಲ್ಲಿ ಏನಾದರೂ ಕೊಂಡುಕೊಳ್ಳಿ. ಎಳನೀರೋ, ಟೀನೋ, ಏನೋ ಒಂದು. ಕಾರಿನಲ್ಲೇ ಬುತ್ತಿ ತಂದು, ಅಲ್ಲೇ ತಿಂದು, ತಟ್ಟೆ ಎಸೆದು ಬರುವವರಿಂದ ಆ ಊರಿಗೆ ಗುಡಿಸುವ ಕೆಲಸ ಇನ್ನೊಂದು ಸೇರುತ್ತದೆ ಅಷ್ಟೇ.

ನಾನು ಅಜ್ಜಿಯ ಹತ್ತಿರ ಒಂದು ಕೆಜಿ ಹುಣಸೆಹಣ್ಣು ಕೇಳಿದೆ. ತೂಗಿ, ಮೇಲೊಂದು ಹಿಡಿ ಹಾಕಿ ಕೊಟ್ಟರು.

"ಇದು ಹಕ್ಕಿ ಮರದ್ದಾ ಅಜ್ಜಿ?" ಅಂತ ಮಗಳು ಕೇಳಿದಳು.

"ಹಕ್ಕಿ ಮರದ್ದು ಎಲ್ಲಿ ಸಿಕ್ಕದು ಮಗ? ಅದು ಅವುಗಳ್ದು. ಇದು ಹೊಲದ ಮರದ್ದು."

ಆ ಹುಣಸೆಹಣ್ಣಿನ ಸಾರು ಮೂರು ಸಲ ಆಯಿತು. ಮಳೆಮರದ ಕಡಿದ ಕೊಂಬೆಯ ತುದಿಯಲ್ಲಿ ಈಗ ಚಿಗುರು ಬಂದಿದೆ. ಮತ್ತೆ ಕಡಿಸುವ ಮಾತು ಬಂದರೆ ನನ್ನ ಸಹಿ ಇಲ್ಲ ಅಂತ ಗುಂಪಿನಲ್ಲಿ ಹಾಕಿದ್ದೇನೆ. ಆ ಪಾರ್ಕಿಂಗ್ ಜಾಗ ಯಾರಿಗೂ ಬೇಡದಿದ್ದರೆ ನನಗೇ ಇರಲಿ ಅಂತಲೂ ಬರೆದೆ. ಒಬ್ಬರು ನಗುವ ಚಿತ್ರ ಕಳಿಸಿದರು, ಉಳಿದವರು ಸುಮ್ಮನಿದ್ದಾರೆ. ಕಾರಿಗೆ ಹೊದಿಸಲು ಒಂದು ಟಾರ್ಪಾಲು ತಂದೆ. 450 ರೂಪಾಯಿ. ಮೊದಲೇ ತಂದಿದ್ದರೆ ಆಗುತ್ತಿತ್ತು ಅಂತ ಹೆಂಡತಿ ಅಂದಳು. ದಿನಾ ಸಂಜೆ ಹೊದಿಸುತ್ತಿದ್ದೇನೆ. ಬೆಳ್ಳಕ್ಕಿಗಳು ಇನ್ನೂ ಬಂದಿಲ್ಲ.