ದುರ್ಗ ದಾಟಿದೆ

ಕಾಶಿಗೆ ಹೋಗಿ ಬಂದವರಿಗೆ ಒಂದು ಮರ್ಯಾದೆ ಇರುತ್ತದೆ. ನೆಂಟರಿಷ್ಟರು ಬಂದು ಕಾಲಿಗೆ ಬೀಳುತ್ತಾರೆ, ಕಾಶಿದಾರ ಕೇಳಿ ಕಟ್ಟಿಸಿಕೊಳ್ಳುತ್ತಾರೆ, ಮನೆಯಲ್ಲಿ ಹೋಳಿಗೆ ಆಗುತ್ತದೆ. ದುಬೈಯಿಂದ ಬಂದವರಿಗೆ ಅದಕ್ಕಿಂತ ಒಂದು ಕೈ ಜಾಸ್ತಿ. ಆದರೆ ವ್ಯಾಪಾರಕ್ಕೆ ಅಂತ ಬೆಂಗಳೂರಿಗೆ ಹೋಗಿ ಮರುದಿನ ರಾತ್ರಿ ದಾವಣಗೆರೆಗೆ ವಾಪಸ್ ಬರುವವನಿದ್ದಾನಲ್ಲ, ಅವನಿಗೆ ಇದ್ಯಾವುದೂ ಇಲ್ಲ. ಯಾರಾದರೂ ನೆನೆಸಿಕೊಳ್ಳುವಷ್ಟು ಹೊತ್ತು ಅವನು ಊರು ಬಿಟ್ಟಿರುವುದೇ ಇಲ್ಲ. ಹೋಗಿಯೇ ಇರಲಿಲ್ಲ ಅಂದುಕೊಳ್ಳೋಣ ಅಂದರೆ ಸೊಂಟ ಒಪ್ಪುವುದಿಲ್ಲ.

ನಮ್ಮದು ರೈಸ್‌ಮಿಲ್ಲಿನ ಬಿಡಿಭಾಗಗಳ ಅಂಗಡಿ. ಭದ್ರಾ ನಾಲೆಯಲ್ಲಿ ನೀರಿದ್ದರೆ ಈ ಕಡೆ ಭತ್ತ. ಭತ್ತ ಇದ್ದರೆ ಮಿಲ್ಲು. ಮಿಲ್ಲು ಓಡಿದರೆ ಬೆಲ್ಟು, ಬೇರಿಂಗು, ಹೊಟ್ಟು ಸುಲಿಯುವ ರಬ್ಬರ್ ರೋಲರ್ರು. ಈ ರೋಲರ್ ಸವೆಯುವುದಕ್ಕೇ ಹುಟ್ಟಿದ ವಸ್ತು. ಅದು ಸವೆದಾಗೆಲ್ಲ ನಾನು ಬೆಂಗಳೂರಿಗೆ ಓಡುತ್ತೇನೆ. ಹಳೇ ಬಾಕಿಯ ಮಾತು, ಹೊಸ ರೇಟಿನ ಚೌಕಾಸಿ, ನಾಲ್ಕಾರು ಟೀ. ಕೆಲಸದ ಬಗ್ಗೆ ಹೇಳುವುದಕ್ಕೆ ಇಷ್ಟೇ ಇರುವುದು.

ಅಲ್ಲಿನ ಸಗಟು ವ್ಯಾಪಾರಿಗಳು ಒಳ್ಳೆಯವರು. ದಾವಣಗೆರೆಯವರು ಬಂದಿದ್ದಾರೆ ಅಂತ ಪ್ರೀತಿಯಿಂದ ನನ್ನನ್ನು ಬೆಣ್ಣೆದೋಸೆಗೇ ಕರೆದುಕೊಂಡು ಹೋಗುತ್ತಾರೆ. ಬೋರ್ಡಿನ ಮೇಲೆ ನಮ್ಮೂರಿನ ಹೆಸರು ದೊಡ್ಡದಾಗಿ ಇರುತ್ತದೆ. ದೋಸೆ ಬರುತ್ತದೆ. ಪಕ್ಕದಲ್ಲಿ ಅರಿಶಿನ ಹಾಕಿದ ಹಳದಿ ಪಲ್ಯ, ಮೇಲೆ ಕೆಂಪು ಚಟ್ನಿ ಬೇರೆ. ನಮ್ಮಲ್ಲಿ ಪಲ್ಯ ಅಂದರೆ ಬೆಳ್ಳಗೆ ನುರಿದ ಆಲೂಗಡ್ಡೆ, ಅಷ್ಟೇ. ಅರಿಶಿನದ ಸುಳಿವೂ ಇರಬಾರದು. "ಹೇಗಿದೆ ಸಾರ್, ನಿಮ್ಮೂರ ಥರಾನೇ ಇದೆ ಅಲ್ವಾ?" ಅಂತ ಕೇಳುತ್ತಾರೆ. ರೇಟು ಇನ್ನೂ ಕುದುರಿರುವುದಿಲ್ಲ. ಹೌದು ಅನ್ನುತ್ತೇನೆ.

ಬರುವಾಗ ಶಿರಾವರೆಗೂ ದಾರಿ ಬೆಂಗಳೂರಿನದೇ. ಅಲ್ಲಿಯವರೆಗೂ ಫೋನು ಬರುತ್ತಲೇ ಇರುತ್ತದೆ: ಬಿಲ್ ಕಳಿಸಿದ್ದೀವಿ, ಜಿಎಸ್‌ಟಿ ನಂಬರ್ ಸರಿಯಾ ನೋಡಿ, ಲಾರಿ ಆಫೀಸಿನವರು ಮಾತಾಡ್ತಾರೆ. ಹಿರಿಯೂರು ಬಂದ ಮೇಲೆ ಆ ಕಡೆಯ ಫೋನು ನಿಂತು ಈ ಕಡೆಯದು ಶುರುವಾಗುತ್ತದೆ. "ಎಲ್ಲಿದೀರಿ?"

ಈ ಪ್ರಶ್ನೆಗೆ ಹೈವೇಯಲ್ಲಿ ಒಂದು ಪದ್ಧತಿ ಇದೆ. ಎಲ್ಲಿದ್ದೀರೋ ಅದರ ಮುಂದಿನ ಊರು ಹೇಳಬೇಕು. ಹಿರಿಯೂರಿನಲ್ಲಿ ಟೀ ಕುಡಿಯುತ್ತಾ "ದುರ್ಗ ದಾಟಿದೆ" ಅನ್ನುವುದು, ಭರಮಸಾಗರದಲ್ಲಿದ್ದಾಗ "ಊರೊಳಗೇ ಬಂದೆ" ಅನ್ನುವುದು. ಇದನ್ನು ಸುಳ್ಳು ಅಂತ ಯಾರೂ ಎಣಿಸುವುದಿಲ್ಲ. ಮನೆಯವರೂ ಅದಕ್ಕೆ ತಕ್ಕ ಹಾಗೆ ಕಳೆದು ಕೂಡಿ ಕುಕ್ಕರ್ ಇಡುತ್ತಾರೆ. ಎಷ್ಟೋ ವರ್ಷ ನಮ್ಮ ಮನೆಯಲ್ಲಿ ಈ ಲೆಕ್ಕ ತಪ್ಪಿರಲಿಲ್ಲ.

2021ರಲ್ಲಿ ಟೋಲಿಗೆ ಫಾಸ್ಟ್ಯಾಗ್ ಕಡ್ಡಾಯ ಆಯಿತು. ಅದನ್ನು ಮಾಡಿಸಿದ್ದು ಮಗ, ಹಾಗಾಗಿ ನಂಬರೂ ಅವನದೇ. ಈಗ ನನ್ನ ಕಾರು ಟೋಲ್ ದಾಟಿದರೆ ಟಿಣ್ ಅನ್ನುವುದು ದಾವಣಗೆರೆಯಲ್ಲಿ ಅವನ ಫೋನು. ನಾನು "ದುರ್ಗ ದಾಟಿದೆ ಕಣೇ" ಅನ್ನುತ್ತಿದ್ದರೆ ಹಿಂದಿನಿಂದ ಅವನ ದನಿ ಕೇಳಿಸುತ್ತದೆ: "ಅಮ್ಮಾ, ಗುಯಿಲಾಳು ಟೋಲಲ್ಲಿ ಈಗ ಕಟ್ ಆಯ್ತು." ಗುಯಿಲಾಳು ಇನ್ನೂ ಹಿರಿಯೂರು ತಾಲ್ಲೂಕು. ಹೆಂಡತಿ ಏನೂ ಅನ್ನುವುದಿಲ್ಲ, "ಹೂಂ, ನಿಧಾನ ಬರ್ರಿ" ಅನ್ನುತ್ತಾಳೆ. ಎಲ್ಲಾ ಗೊತ್ತಿದ್ದೂ ಅವಳು ಕೇಳುತ್ತಾಳೆ. ನಾನೂ ದುರ್ಗ ದಾಟಿದೆ ಅಂತಲೇ ಹೇಳುತ್ತೇನೆ. ಮೆಸೇಜಿಗೆ ಹೆದರಿ ಪದ್ಧತಿ ಬಿಡೋಕಾಗುತ್ತಾ?

ನಿಜವಾಗಿ ದುರ್ಗ ಬರುವ ಹೊತ್ತಿಗೆ ಕತ್ತಲಾಗಿರುತ್ತದೆ. ಏಳು ಸುತ್ತಿನ ಕೋಟೆ ಕಾಣುವುದಿಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳೂ ಕಾಣುವುದಿಲ್ಲ, ಅವುಗಳ ನೆತ್ತಿಯ ಕೆಂಪು ದೀಪ ಮಾತ್ರ ಹತ್ತಿ ಆರುತ್ತಿರುತ್ತವೆ. ಅದನ್ನು ನೋಡಿದರೆ ಸಾಕು, ಸ್ಟೀರಿಂಗ್ ಮೇಲಿನ ಕೈ ಸಡಿಲ ಆಗುತ್ತದೆ. ಇನ್ನೂ ಅರವತ್ತು ಕಿಲೋಮೀಟರ್ ಇದೆ ಅನ್ನೋದು ಬೇರೆ ಮಾತು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆಗುವವರೆಗೂ ನಾವು ದುರ್ಗದ ಜಿಲ್ಲೆಯವರೇ. ಡಿ.ಸಿ. ಆಫೀಸಿನ ಒಂದು ಸಹಿಗೂ ಇಲ್ಲಿಗೇ ಬರಬೇಕಿತ್ತು. ಬೈದುಕೊಂಡೇ ಬರುತ್ತಿದ್ದೆವು ಅನ್ನಿ. ಆದರೂ ನನ್ನ ವಯಸ್ಸಿನವರಿಗೆ ದುರ್ಗ ಇವತ್ತಿಗೂ ಪರಸ್ಥಳ ಅನ್ನಿಸುವುದಿಲ್ಲ.

ಆಮೇಲೆ ಹೆಬ್ಬಾಳು ಟೋಲು (ಅಲ್ಲಿ ಮಗನ ಫೋನು ಟಿಣ್), ಆನಗೋಡು, ಬೈಪಾಸಿನಿಂದ ಇಳಿದರೆ ಊರು. ಪೂನಾ–ಬೆಂಗಳೂರು ವಾಹನಗಳೆಲ್ಲ ಊರ ಹೊರಗೇ ಹೋಗುತ್ತವೆ. ಒಳಗಿನ ರಸ್ತೆಗೆ ಪಿ.ಬಿ. ರೋಡ್ ಅನ್ನುವ ಹೆಸರು ಮಾತ್ರ ಉಳಿದಿದೆ. ಅಂಗಡಿಗಳ ಶಟರ್ ಎಳೆಯುತ್ತಿರುತ್ತಾರೆ. ಮಿರ್ಚಿ ಕರಿಯುವ ಗಾಡಿಯವನು ಬಾಣಲೆ ಇಳಿಸಿ ಉಳಿದ ಮಂಡಕ್ಕಿ ಚೀಲದ ಬಾಯಿ ಕಟ್ಟುತ್ತಿರುತ್ತಾನೆ.

ಮನೆ ಮುಂದೆ ಹಾರ್ನ್ ಹೊಡೆದರೆ ಒಳಗಿನಿಂದ ಬರುವ ಮಾತು: "ಗೇಟ್ ಹಾಕ್ಕೊಂಡ್ ಬರ್ರಿ, ನಾಯಿ ಬರ್ತಾವೆ."

ಹಿಂದೆ ಹೀಗಿರಲಿಲ್ಲ. ಅಪ್ಪ ಸರಕಿಗೆ ಅಂತ ಬೆಂಗಳೂರಿಗೆ ಹೋಗಿ ಬಂದರೆ ನಾವು ಬ್ಯಾಗಿನ ಸುತ್ತ ಕೂತುಬಿಡುತ್ತಿದ್ದೆವು. ಅದರಲ್ಲಿ ಒಂದು ಜಾಮಿಟ್ರಿ ಬಾಕ್ಸ್ ಇದ್ದರೂ ಸಾಕು, ಬೀದಿಗೆಲ್ಲ ಸುದ್ದಿ. ಈಗ ನಾನು ಏನು ತರಬಹುದೋ ಅದು ನನಗಿಂತ ಮೊದಲೇ ಪಾರ್ಸೆಲ್ಲಾಗಿ ಬಂದು, ಬಿಚ್ಚಿ, ಇಷ್ಟವಾಗಲಿಲ್ಲ ಅಂತ ವಾಪಸ್ಸೂ ಹೋಗಿರುತ್ತದೆ. ಮಗ ಕೂತಲ್ಲಿಂದಲೇ ಕೈ ಎತ್ತುತ್ತಾನೆ. ಅವ್ವ ಒಬ್ಬಳು "ಬಂದೇನಪ್ಪಾ, ಕೈಕಾಲು ತೊಳ್ಕಂಡ್ ಬಾ" ಅಂದು ಧಾರಾವಾಹಿ ಕಡೆ ತಿರುಗುತ್ತಾಳೆ.

ಹೆಂಡತಿಗೆ ಆಸಕ್ತಿ ಇರುವುದು ನನ್ನ ಅಂಗಿಯ ಜೇಬಿನಲ್ಲಿ. ಮಷೀನಿಗೆ ಹಾಕುವ ಮೊದಲು ಒಂದೊಂದಾಗಿ ತೆಗೆದು ಟೇಬಲ್ ಮೇಲೆ ಇಡುತ್ತಾಳೆ. ಅಕ್ಷರ ಅಳಿಸಿ ಬರೀ ಬಿಳಿ ಕಾಗದವಾಗಿರುವ ಪಾರ್ಕಿಂಗ್ ಚೀಟಿ, ಯಾರದೋ ವಿಸಿಟಿಂಗ್ ಕಾರ್ಡು, ಹೋಟೆಲಿನ ಸೋಂಪು, ಒಂದು ಪೆನ್ನು. ಪೆನ್ನು ನನ್ನದಲ್ಲ. ಕೊನೆಗೆ ಒಂದು ಬಿಲ್ಲು. ಬೆಳಕಿಗೆ ಹಿಡಿದು ಓದುತ್ತಾಳೆ. "ಅಲ್ರೀ, ಬೆಂಗಳೂರಿಗೆ ಹೋಗಿ ಬೆಣ್ಣೆದೋಸೆ ತಿಂದು ಬಂದ್ರಾ? ಅದೂ ಇಷ್ಟು ದುಡ್ಡಿಗೆ?" ಆಮೇಲೆ ಬಿಸಿ ಅನ್ನ, ತಿಳಿಸಾರು ಬಡಿಸುತ್ತಾಳೆ. ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತೇನೆ. ಆ ಸಗಟು ವ್ಯಾಪಾರಿಯ ದೋಸೆ ಹೇಗಿತ್ತು ಅಂತ ಅವಳು ಕೇಳುವುದಿಲ್ಲ, ಗೊತ್ತಾಗಿರುತ್ತದೆ.

ಇಷ್ಟಾದರೂ ನನ್ನನ್ನು ಕಾಯುವವರೇ ಇಲ್ಲ ಅಂತೇನಲ್ಲ. ಬೆಳಗ್ಗೆ ಹಲ್ಲುಜ್ಜುವ ಮೊದಲೇ ಫೋನು. ಮಲೇಬೆನ್ನೂರು ಕಡೆಯ ಮಿಲ್ಲಿನ ಯಜಮಾನರು.

"ರೋಲರ್ ಬಂದ್ವಾ?"

"ಬಂದ್ವು ಯಜಮಾನ್ರೇ. ನಾನೂ ರಾತ್ರೀನೇ ಬಂದೆ."

"ಅದು ಗೊತ್ತಾತು ಬಿಡ್ರಿ. ಎಷ್ಟು ಜೊತೆ ತಂದೀರಿ, ಅದನ್ನ ಹೇಳ್ರಿ."