ಇನ್ನೊಬ್ಬರ ಲ್ಯಾಪ್ ಕೆಡಿಸಿದವರ ಲ್ಯಾಪ್ ಉಳಿಯಬಾರದು

ಗೋಕುಲ ರಸ್ತೆಯ ಒಳಗಲ್ಲಿಯಲ್ಲಿ ಗೆಳೆಯನದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಫಾರ್ಮುಲಾ ಒನ್ ಇರುವ ಶನಿವಾರ ಸಂಜೆ ಶಟರ್ ಅರ್ಧ ಇಳಿಸಿ, ಸುಟ್ಟ ತಾಮ್ರದ ತಂತಿಯ ರಾಶಿಯನ್ನು ಮೂಲೆಗೆ ಸರಿಸಿ, ನಾವು ನಾಲ್ಕೈದು ಜನ ಅಲ್ಲಿ ಅರ್ಹತಾ ಸುತ್ತು ನೋಡುತ್ತೇವೆ, ಅಂದರೆ ರೇಸ್‌ನಲ್ಲಿ ಯಾರು ಎಷ್ಟನೇ ಸ್ಥಾನದಿಂದ ಹೊರಡಬೇಕೆಂದು ತೀರ್ಮಾನಿಸುವ ಓಟ. ಭಾನುವಾರದ ರೇಸ್ ಒಮ್ಮೊಮ್ಮೆ ತಪ್ಪಿದರೂ ನನಗೆ ನಡೆಯುತ್ತದೆ, ಶನಿವಾರ ತಪ್ಪಬಾರದು. ಒಬ್ಬ ಚಾಲಕ, ಒಂದು ಲ್ಯಾಪ್ (ಟ್ರ್ಯಾಕ್‌ನ ಒಂದು ಪೂರ್ತಿ ಸುತ್ತು), ಎದುರಾಳಿ ಎಂದರೆ ಗಡಿಯಾರ. ಅದರ ಸೊಗಸೇ ಬೇರೆ.

ಮೊನ್ನೆ ಸ್ಟೀವರ್ಡ್‌ಗಳ, ಅಂದರೆ ತಪ್ಪಿಗೆ ಶಿಕ್ಷೆ ಕೊಡುವ ತೀರ್ಪುಗಾರರ, ವಿಷಯಕ್ಕೆ ಮತ್ತೆ ಜಗಳವಾಯಿತು. ಅಂಗಡಿಯ ಗೆಳೆಯ ಚಾಲಕ ವರ್ಸ್ಟಾಪನ್ ಅವರ ಅಭಿಮಾನಿ. ನಾನು ಶುಮಾಕರ್ ಕಾಲದಿಂದ ಫೆರಾರಿ ತಂಡದ ಕಡೆಯವನು. ಗದ್ದಲದಲ್ಲಿ ಪೂರ್ತಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

2025ರ ಮೊನಾಕೊ ನೆನಪಿಸಿಕೊಳ್ಳಿ. ಅರ್ಹತಾ ಸುತ್ತಿನ ಮೊದಲ ಹಂತದಲ್ಲಿ ಫೆರಾರಿಯ ಹ್ಯಾಮಿಲ್ಟನ್ ಅವರು ವೇಗವಾಗಿ ಬರುತ್ತಿದ್ದ ವರ್ಸ್ಟಾಪನ್ ಅವರಿಗೆ ಅಡ್ಡವಾದರು. ಹಿಂದಿನ ಕಾರು ನಿಧಾನವಾಗಿ ಬರುತ್ತಿದೆ ಎಂದು ರೇಡಿಯೊದಲ್ಲಿ ತಂಡವೇ ತಪ್ಪು ಹೇಳಿತ್ತು. ಸ್ಟೀವರ್ಡ್‌ಗಳೂ ಅದನ್ನು ಒಪ್ಪಿಕೊಂಡರು. ಆದರೂ ಮೂರು ಸ್ಥಾನಗಳ ಶಿಕ್ಷೆ ಬಿತ್ತು. 4ನೇ ಸ್ಥಾನ ಗಳಿಸಿದ್ದವರು 7ರಿಂದ ಹೊರಡಬೇಕಾಯಿತು. ಉದ್ದೇಶ ಏನಿತ್ತು ಎಂಬುದು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ, ಇನ್ನೊಬ್ಬರ ಲ್ಯಾಪ್ ಕೆಟ್ಟಿತ್ತು, ಅಷ್ಟೇ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಆದರೆ ತೀರ್ಪು ತಪ್ಪು ಎಂದು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ.

ಈಗ ಅದೇ ಊರಿನ 2021ರ ಶನಿವಾರಕ್ಕೆ ಬನ್ನಿ. ನಮ್ಮ ಫೆರಾರಿಯ ಲೆಕ್ಲೇರ್ ಕೊನೆಯ ಹಂತದ ಮೊದಲ ಯತ್ನದಲ್ಲೇ 1 ನಿಮಿಷ 10.346 ಸೆಕೆಂಡಿನಲ್ಲಿ ಸುತ್ತಿದ್ದರು. ವರ್ಸ್ಟಾಪನ್ 0.230 ಸೆಕೆಂಡು ಹಿಂದಿದ್ದರು. ಎಲ್ಲರೂ ಕೊನೆಯ ಯತ್ನದಲ್ಲಿರುವಾಗ ಲೆಕ್ಲೇರ್ ಈಜುಕೊಳದ ತಿರುವಿನಲ್ಲಿ ತಡೆಗೋಡೆಗೆ ಬಡಿದರು. ಓಟ ನಿಲ್ಲಿಸುವ ಕೆಂಪು ಬಾವುಟ ಹಾರಿತು, ಹಿಂದಿದ್ದವರ ಲ್ಯಾಪ್‌ಗಳೆಲ್ಲ ಅಲ್ಲೇ ಸತ್ತವು, ಗೋಡೆಗೆ ಬಡಿದವರೇ ಪೋಲ್‌ನಲ್ಲಿ, ಅಂದರೆ ಮೊದಲ ಸ್ಥಾನದಲ್ಲಿ, ಉಳಿದರು. ಅಂಗಡಿಯಲ್ಲಿ ಕುಣಿದವನು ನಾನೊಬ್ಬನೇ. ಬೇಕೆಂದು ಯಾರೂ ಕಾರು ಒಡೆದುಕೊಳ್ಳುವುದಿಲ್ಲ ಎಂಬುದು ಸರಿ. ಆದರೆ ಹ್ಯಾಮಿಲ್ಟನ್ ಕೂಡ ಬೇಕೆಂದು ಮಾಡಿರಲಿಲ್ಲವಲ್ಲ! ಅಡ್ಡ ಬಂದವರಿಗೆ ಹಾನಿಯ ಅಳತೆಗೋಲು, ಕೆಂಪು ಬಾವುಟಕ್ಕೆ ಕಾರಣರಾದವರಿಗೆ ಉದ್ದೇಶದ ಅಳತೆಗೋಲು. ನನ್ನ ತಕರಾರು ಇದೊಂದೇ.

ಉದ್ದೇಶ ಹುಡುಕಲು ಹೊರಟರೆ ಏನಾಗುತ್ತದೆ ಎಂಬುದನ್ನು ಫೆರಾರಿಯವರಿಗೆ ಹೇಳಿಕೊಡಬೇಕಿಲ್ಲ. 2006ರಲ್ಲಿ, ಅದೇ ಮೊನಾಕೊದಲ್ಲಿ, ಶುಮಾಕರ್ ರಸ್ಕಾಸ್ ತಿರುವಿನಲ್ಲಿ ಕಾರು ನಿಲ್ಲಿಸಿದರು, ಹಿಂದೆ ಬರುತ್ತಿದ್ದ ಅಲೊನ್ಸೊ ಅವರ ಲ್ಯಾಪ್ ಹಾಳಾಯಿತು. ಸ್ಟೀವರ್ಡ್‌ಗಳು ಗಂಟೆಗಟ್ಟಲೆ ಕುಳಿತು, ಬ್ರೇಕ್, ಸ್ಟೀರಿಂಗ್‌ಗಳ ದತ್ತಾಂಶವನ್ನೆಲ್ಲ ಜಾಲಾಡಿ, ಕೊನೆಗೆ ಅವರ ಸಮಯ ರದ್ದುಮಾಡಿ ಎಲ್ಲರ ಹಿಂದೆ ಕಳಿಸಿದರು. ಮರುದಿನ 5ನೆಯವರಾಗಿ ಬಂದರು, ಆ ಓಟ ನೋಡಿದವರು ಮರೆಯಲಾರರು. ಆದರೆ ಒಬ್ಬ ಮನುಷ್ಯನ ಮನಸ್ಸಿನಲ್ಲಿ ಏನಿತ್ತು ಎಂಬ ವಾದ ಇಪ್ಪತ್ತು ವರ್ಷವಾದರೂ ನಮ್ಮ ಅಂಗಡಿಯಲ್ಲಿ ಮುಗಿದಿಲ್ಲ.

ನಮ್ಮ ಕಾಕಾನ ಊರು ಕುಂದಗೋಳದ ಹತ್ತಿರ. ಅಲ್ಲಿ ಖಾಲಿ ಗಾಡಾ ಓಡಿಸುವ ಸ್ಪರ್ಧೆ ನೋಡುತ್ತ ಬೆಳೆದವನು ನಾನು. ಒಂದು ನಿಮಿಷದಲ್ಲಿ ಎತ್ತಿನ ಜೋಡಿ ಎಷ್ಟು ಅಡಿ ಓಡಿತು ಎಂದು ಅಳೆಯುತ್ತಾರೆ. ಒಂದು ಸಲಕ್ಕೆ ಒಂದೇ ಜೋಡಿ, ನಮ್ಮ ಶನಿವಾರದ ಹಾಗೆಯೇ. ಒಂದು ವರ್ಷ ಕಾಕಾನ ಗಾಡಾ ಓಡುತ್ತಿರುವಾಗ, ಅದಕ್ಕೂ ಮೊದಲು ಓಡಿದ ಜೋಡಿಯ ಹುಡುಗರು ಗುಲಾಲು ಎರಚುತ್ತ ಸುಣ್ಣದ ಗೆರೆ ದಾಟಿ ಒಳಗೆ ನುಗ್ಗಿದರು. ಬಲಗಡೆಯ ಎತ್ತು ಕಾಲೂರಿ ನಿಂತುಬಿಟ್ಟಿತು. ಅದರ ಪಕ್ಕೆ ಅದುರುತ್ತಿದ್ದದ್ದು, ಮೂಗಿನಿಂದ ಎರೆಮಣ್ಣಿನ ದೂಳು ಬುಸ್ಸೆಂದು ಹೊರಬಂದದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಹುಡುಗರು ಬೇಕೆಂದು ಮಾಡಿದರೋ ಗೊತ್ತಿಲ್ಲದೆ ಮಾಡಿದರೋ ಎಂದು ಹಿರಿಯರು ಯಾರೂ ಕೇಳಲಿಲ್ಲ. ಆ ಹುಡುಗರ ಜೋಡಿಯ ಅಳತೆಯಲ್ಲಿ ಅಡಿ ಕಡಿದರು. ಎತ್ತು ದಣಿವಾರಿಸಿಕೊಂಡ ಮೇಲೆ, ಇಳಿಹೊತ್ತಿನಲ್ಲಿ, ಕಾಕಾನಿಗೆ ಇನ್ನೊಂದು ಓಟ ಕೊಟ್ಟರು.

ಫಾರ್ಮುಲಾ ಒನ್‌ನಲ್ಲಿ ಇನ್ನೊಂದು ಓಟ ಕೊಡಲಾಗದು, ಗೊತ್ತು. ಟೈರು ತಣಿದಿರುತ್ತದೆ, ಸಮಯ ಮುಗಿದಿರುತ್ತದೆ. ಆದರೆ ಅಡಿ ಕಡಿಯಬಹುದಲ್ಲ? ಅಮೆರಿಕದ ಇಂಡಿಕಾರ್ ರೇಸ್ ಸರಣಿಯಲ್ಲಿ ಈ ಪದ್ಧತಿ ಇದೆ: ಅರ್ಹತಾ ಸುತ್ತಿನಲ್ಲಿ ಕೆಂಪು ಬಾವುಟಕ್ಕೆ ಕಾರಣನಾದವನು ಆ ಹಂತದ ತನ್ನ ಉತ್ತಮ ಎರಡು ಲ್ಯಾಪ್ ಕಳೆದುಕೊಳ್ಳುತ್ತಾನೆ. ವಿಚಾರಣೆ, ದತ್ತಾಂಶ, ಮಧ್ಯರಾತ್ರಿಯ ತೀರ್ಪು ಯಾವುದೂ ಬೇಕಿಲ್ಲ.

ಹಾನಿಯನ್ನು ತೂಗಿ ನೋಡುವುದು ಫಾರ್ಮುಲಾ ಒನ್‌ನ ಸ್ಟೀವರ್ಡ್‌ಗಳಿಗೂ ಬರುತ್ತದೆ. 2024ರ ಕತಾರ್‌ನಲ್ಲಿ ನಿಧಾನವಾಗಿ ಓಡಿಸಿ ರಸೆಲ್ ಅವರಿಗೆ ಅಡ್ಡವಾದ ವರ್ಸ್ಟಾಪನ್ ಅವರಿಗೆ ಮೂರರ ಬದಲು ಒಂದೇ ಸ್ಥಾನದ ಶಿಕ್ಷೆ ಕೊಟ್ಟರು, ಏಕೆಂದರೆ ರಸೆಲ್ ಕೂಡ ಆಗ ವೇಗದ ಲ್ಯಾಪ್‌ನಲ್ಲಿರಲಿಲ್ಲ. ಆ ಒಂದು ಸ್ಥಾನದಲ್ಲೇ ಪೋಲ್ ಕೈತಪ್ಪಿತು ಎಂದು ಗೆಳೆಯ ಇಂದಿಗೂ ಕುದಿಯುತ್ತಾನೆ. ನನಗೆ ಮಾತ್ರ ಅದು ಹದವಾದ ತೀರ್ಪು.

ಬಾವುಟಕ್ಕೆ ಕಾರಣರಾದವರ ಲ್ಯಾಪ್ ಹೀಗೆ ಕಿತ್ತುಕೊಂಡರೆ ಮೊನಾಕೊದಲ್ಲಿ ಗೋಡೆ ಸವರಿ ಹೋಗುವ ಧೈರ್ಯವೇ ಯಾರಿಗೂ ಉಳಿಯುವುದಿಲ್ಲ ಅಣ್ಣಾ, ಎಂದ ಅಂಗಡಿಯ ಹುಡುಗ. ಮಾತಿನಲ್ಲಿ ತೂಕವಿದೆ, ಎರಡು ದಿನ ಅದನ್ನೇ ಯೋಚಿಸಿದೆ. ಆದರೆ ಇಂದು ಆ ಧೈರ್ಯದ ಬೆಲೆ ತೆರುತ್ತಿರುವವರು ಯಾರು? 2022ರಲ್ಲಿ ಅಲ್ಲೇ ಪೆರೆಜ್ ಕೊನೆಯ ಹಂತದಲ್ಲಿ ಗೋಡೆಗೆ ಬಡಿದು 3ನೇ ಸ್ಥಾನ ಉಳಿಸಿಕೊಂಡರು. ಅವರದೇ ತಂಡದ ವರ್ಸ್ಟಾಪನ್ 4ರಲ್ಲಿ ಸಿಕ್ಕಿಬಿದ್ದರು. ಮರುದಿನ ಗೆದ್ದದ್ದು ಪೆರೆಜ್. ಮೊನಾಕೊದಲ್ಲಿ ಮುಂದಿನ ಕಾರನ್ನು ದಾಟುವುದು ಎಷ್ಟು ಕಷ್ಟ ಎಂದು ಬಲ್ಲವರಿಗೆ ಆ ಒಂದು ಸ್ಥಾನದ ಬೆಲೆ ಗೊತ್ತು.

2021ರಲ್ಲಿ ನಾನು ಹೇಳುವ ನಿಯಮ ಇದ್ದಿದ್ದರೆ ಲೆಕ್ಲೇರ್ ಅವರ ಪೋಲ್ ಹೋಗುತ್ತಿತ್ತು. ಹೇಗೂ ಭಾನುವಾರ ಗ್ರಿಡ್‌ಗೆ, ಅಂದರೆ ರೇಸ್ ಹೊರಡುವ ಜಾಗಕ್ಕೆ, ಬರುವ ದಾರಿಯಲ್ಲಿ ಅವರ ಕಾರು ಕೆಟ್ಟು, ಆ ಜಾಗ ಖಾಲಿಯಾಗಿಯೇ ಉಳಿಯಿತು. ಆದರೂ ಆ ಪೋಲ್ ವರ್ಸ್ಟಾಪನ್ ಅವರಿಗೆ ಸಲ್ಲಬೇಕಿತ್ತು ಎಂದು ಮೊನ್ನೆ ಗೆಳೆಯನಿಗೆ ಹೇಳಿದೆ. ಅವನು ಟಿವಿಯ ಸದ್ದು ತಗ್ಗಿಸಿ ನನ್ನ ಮುಖವನ್ನೇ ನೋಡಿದ. "ಹಾಗಾದರೆ 2022ರಲ್ಲಿ ನಮ್ಮ ಪೆರೆಜ್ ಗೆದ್ದದ್ದು?" ಎಂದು ಕೇಳಿದ. ಅದಕ್ಕೆ ಉತ್ತರ ನೀನೇ ಹೇಳಬೇಕು ಎಂದೆ. ಇನ್ನೂ ಹೇಳಿಲ್ಲ.